ರಾಮನವಮಿಯ ಸಂಗೀತೋತ್ಸವಕ್ಕೆ ಹೊರಡುವ ಮುನ್ನ

ಬೆಂಗಳೂರಿನ ಬೇಸಿಗೆ ಎಂದೊಡನೆ ನನ್ನ ಕಣ್ಣ ಮುಂದೆ ಬರುವುದು ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಏಳುವ ಚಪ್ಪರ. ಎಸ್. ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಆರಂಭಿಸಿದ ಶ್ರೀರಾಮಸೇವಾ ಮಂಡಲಿಯ ರಾಮನವಮಿ ಸಂಗೀತೋತ್ಸವವು ಸುಮಾರು ಒಂದು ತಿಂಗಳ ಕಾಲ ಸಂಜೆ ಸಂಜೆಯೂ ನಡೆಯುತ್ತದೆ. ಚೆಂಬೈ ವೈದ್ಯನಾಥ ಭಾಗವತರು, ಎಂ. ಎಸ್. ಸುಬ್ಬುಲಕ್ಷ್ಮಿ, ಭೀಮಸೇನ ಜೋಶಿ ಅವರಂಥವರು ಹಾಡಿದ ವೇದಿಕೆ ಅದು. ಹಲವು ವರ್ಷ ಅಲ್ಲಿ ಕುಳಿತು ಕೇಳಿ ಕಂಡುಕೊಂಡ ಕೆಲವು ವಿಷಯಗಳನ್ನು, ಮೊದಲ ಬಾರಿಗೆ ಹೋಗುವವರಿಗೆ ನೆರವಾಗಲೆಂದು ಇಲ್ಲಿ ಹೇಳುತ್ತಿದ್ದೇನೆ.

ಕಾರ್ಯಕ್ರಮ ಪಟ್ಟಿ ಕೈಗೆ ಬಂದ ಕೂಡಲೇ ಎಲ್ಲ ಸಂಗೀತ ಕಚೇರಿಗಳಿಗೂ ಹೋಗಬೇಕೆನ್ನಿಸುವುದು ಸಹಜ. ಆದರೆ ಆರಂಭದ ವರ್ಷದಲ್ಲಿ ನಾಲ್ಕೈದನ್ನು ಮಾತ್ರ ಆರಿಸಿಕೊಳ್ಳುವುದು ಒಳ್ಳೆಯದು: ಒಂದು ಗಾಯನ, ಒಂದು ವೀಣೆ ಅಥವಾ ಕೊಳಲು, ಒಂದು ಹಿಂದೂಸ್ತಾನಿ, ಮತ್ತು ನೀವು ಹೆಸರನ್ನೇ ಕೇಳಿರದ ಒಬ್ಬ ಯುವ ಕಲಾವಿದರದ್ದು. ಪಟ್ಟಿಯಲ್ಲಿ ಮುಖ್ಯ ಕಲಾವಿದರ ಹೆಸರಿನ ಕೆಳಗಿರುವ ಪಿಟೀಲು, ಮೃದಂಗ, ಘಟಗಳ ಸಾಲನ್ನೂ ಓದಬೇಕು. ಒಳ್ಳೆಯ ಪಕ್ಕವಾದ್ಯವಿದ್ದರೆ ಸಾಧಾರಣ ಸಂಜೆಯೂ ಎತ್ತರಕ್ಕೇರುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ.

ಮೆಟ್ರೋದ ಹಸಿರು ಮಾರ್ಗದಲ್ಲಿ ಬಂದು ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ಮೈದಾನಕ್ಕೆ ನಡೆದೇ ಹೋಗಬಹುದು. ವಾಹನ ನಿಲ್ಲಿಸಲು ಆ ಬೀದಿಗಳಲ್ಲಿ ಪರದಾಡುವುದಕ್ಕಿಂತ ಇದೇ ಮೇಲು. ಕಚೇರಿಗೆ ಅರ್ಧ ಗಂಟೆ ಮುಂಚೆಯೇ ಒಳಗಿರಿ. ಧ್ವನಿವರ್ಧಕದ ನೇರಕ್ಕೆ ಕೂರಬೇಡಿ. ವೇದಿಕೆಗೆ ಎದುರಾಗಿ, ಮಧ್ಯದ ಸಾಲುಗಳಲ್ಲಿ ಕುಳಿತರೆ ತಂಬೂರಿಯ ನಾದವೂ ಮೃದಂಗದ ಎಡಗಡೆಯ ಗುಂಕಾರವೂ ಹದವಾಗಿ ಕೇಳಿಸುತ್ತವೆ. ತೆಳುವಾದ ಹತ್ತಿಯ ಬಟ್ಟೆ, ಒಂದು ಬೀಸಣಿಗೆ, ನೀರಿನ ಬಾಟಲಿ, ಜೊತೆಗೆ ಒಂದು ಕೊಡೆ ಇರಲಿ, ಏಕೆಂದರೆ ಏಪ್ರಿಲ್ ಸಂಜೆಯ ಗುಡುಗುಮಳೆಗೆ ಮುನ್ಸೂಚನೆ ಬೇಕಿಲ್ಲ. ರಾಮನವಮಿಯ ದಿನವಾದರೆ ಹೊಟ್ಟೆ ತುಂಬ ಊಟ ಮಾಡಿ ಹೊರಡಬೇಡಿ. ಬೆಲ್ಲ, ಏಲಕ್ಕಿ, ಶುಂಠಿಯ ಪಾನಕಕ್ಕೂ ನೀರುಮಜ್ಜಿಗೆಗೂ ಮಾವಿನಕಾಯಿ ತುರಿ ಬೆರೆತ ಹೆಸರುಬೇಳೆ ಕೋಸಂಬರಿಗೂ ಆ ದಿನ ಜಾಗವಿರಬೇಕು.

ಕೇಳುವುದಕ್ಕೂ ಸ್ವಲ್ಪ ಸಿದ್ಧತೆ ಬೇಕು. ಹಿಂದಿನ ವಾರ ಮೋಹನ, ಕಲ್ಯಾಣಿ, ಖಮಾಚ್ ಈ ಮೂರು ರಾಗಗಳಲ್ಲಿ ಒಂದೊಂದು ಕೃತಿಯನ್ನು, ಅಂದರೆ ರಾಗ ತಾಳಗಳಿಗೆ ಹೊಂದಿಸಿ ರಚಿಸಿದ ಹಾಡನ್ನು, ಮನೆಯಲ್ಲಿ ಪದೇ ಪದೇ ಕೇಳಿ. ತ್ಯಾಗರಾಜರ ಕೃತಿಗಳಲ್ಲಿ ಬಹುಪಾಲು ರಾಮನನ್ನೇ ಕುರಿತವಾಗಿರುವುದರಿಂದ ಈ ಉತ್ಸವದಲ್ಲಿ ಅವು ಎದುರಾಗುವುದು ಖಚಿತ. ಮೈಸೂರು ವಾಸುದೇವಾಚಾರ್ಯರ ಕೃತಿಗಳೂ ದಾಸರ ಪದಗಳೂ ನಮ್ಮ ಊರಿನ ಕಚೇರಿಗಳಲ್ಲಿ ಆಗಾಗ ಬರುತ್ತವೆ. ಕಚೇರಿಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಆದಿತಾಳವನ್ನು ಕೈಯಲ್ಲಿ ಹಾಕುವುದನ್ನು ಕಲಿತರಂತೂ ಅರ್ಧ ದಾರಿ ಸಾಗಿದಂತೆ: ತೊಡೆಯ ಮೇಲೆ ಒಂದು ಪೆಟ್ಟು, ಬಳಿಕ ಕಿರುಬೆರಳು, ಉಂಗುರಬೆರಳು, ನಡುಬೆರಳುಗಳ ಎಣಿಕೆ, ಆಮೇಲೆ ಪೆಟ್ಟು ಹಾಕಿ ಅಂಗೈ ಮೇಲೆ ಮಾಡುವುದು ಎರಡು ಸಲ, ಒಟ್ಟು ಎಂಟು ಅಕ್ಷರ, ಅಂದರೆ ಎಂಟು ಎಣಿಕೆ. ಪಕ್ಕದವರ ಮಂಡಿಗೆ ತಾಗದಂತೆ, ಸದ್ದಾಗದಂತೆ ಹಾಕಿದರೆ ಸಾಕು.

ತನಿ ಆವರ್ತನ, ಅಂದರೆ ಮೃದಂಗ, ಘಟಗಳಷ್ಟೇ ನುಡಿಯುವ ಭಾಗ, ಶುರುವಾದಾಗ ಮಾತ್ರ ದಯವಿಟ್ಟು ಎದ್ದು ಹೋಗಬೇಡಿ. ಮುಖ್ಯ ಕೃತಿಯಲ್ಲಿ ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ನೆರವಲು, ಸರಿಗಮಗಳನ್ನೇ ಹೆಣೆದು ಹಾಡುವ ಸ್ವರಪ್ರಸ್ತಾರಗಳು ಮುಗಿದು ಗಾಯಕರು ತಾಳವನ್ನಷ್ಟೇ ಹಿಡಿದು ಕೂರುವ ಆ ಹೊತ್ತಿನಲ್ಲಿ ಹಲವರು ಕಾಫಿಗೆಂದು ಹೊರಡುತ್ತಾರೆ. ಹಿಂದೆ ನಾನೂ ಹೊರಡುತ್ತಿದ್ದೆ. ಒಮ್ಮೆ ಸಾಲಿನ ನಡುವೆ ಸಿಕ್ಕಿಕೊಂಡು ಕುಳಿತೇ ಇರಬೇಕಾಯಿತು. ಮೃದಂಗವು ಒಂದು ಪ್ರಶ್ನೆ ಹಾಕಿದಂತೆ ನುಡಿಸಿ ನಿಲ್ಲಿಸುವುದನ್ನೂ, ಘಟವು ಅದನ್ನೇ ತನ್ನ ಮಣ್ಣಿನ ದನಿಯಲ್ಲಿ ಮರಳಿಸುವುದನ್ನೂ, ಅವರ ಸರದಿಗಳು ಕಿರಿದಾಗುತ್ತಾ ಹೋಗಿ ಕೊನೆಗೆ ಇಬ್ಬರೂ ಕೂಡಿ ಮೂರು ಬಾರಿ ಬರುವ ಮುಕ್ತಾಯದಿಂದ ಹಾಡಿನ ಎಡುಪಿಗೆ, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗಕ್ಕೆ, ಬಂದು ಸೇರುವುದನ್ನೂ ಅಂದೇ ಮೊದಲು ಗಮನಿಸಿದ್ದು. ಅಂದಿನಿಂದ ನನಗೆ ಕಚೇರಿಯ ಹೃದಯ ಅದೇ. ನೀವು ತಾಳ ಹಾಕುತ್ತಾ ಕೇಳಿ. ನಡುವೆ ಲೆಕ್ಕ ತಪ್ಪಿದರೆ ಗಾಯಕರ ಕೈಯನ್ನು ನೋಡಿ ಮತ್ತೆ ಹಿಡಿದುಕೊಳ್ಳಬಹುದು.

ಹಾಡುಗಳ ನಡುವೆ ವಾದಕರು ಶ್ರುತಿ ಸರಿಮಾಡಿಕೊಳ್ಳುವಾಗ ಬೇಸರಪಟ್ಟುಕೊಳ್ಳಬೇಡಿ. ಸೆಕೆಗೆ ತಂತಿ ಸಡಿಲಗೊಳ್ಳುತ್ತದೆ. ಮಳೆ ಬಂದು ಗಾಳಿ ಒದ್ದೆಯಾದರೆ ಮೃದಂಗದ ಚರ್ಮದ ಶ್ರುತಿ ಇಳಿಯುತ್ತದೆ. ವಾದಕರು ಕಲ್ಲಿನಿಂದ ಅಂಚನ್ನು ಮೆಲ್ಲನೆ ತಟ್ಟುತ್ತಾ ಆಧಾರ ಸ್ವರವಾದ ಷಡ್ಜಕ್ಕೆ ಏರಿಸುವುದನ್ನು ಗಮನವಿಟ್ಟು ಕೇಳಿದರೆ ನಿಮ್ಮ ಕಿವಿಯೂ ಅಷ್ಟರಮಟ್ಟಿಗೆ ಶ್ರುತಿಗೆ ಕೂಡುತ್ತದೆ.

ಮಕ್ಕಳನ್ನು ಕರೆದೊಯ್ಯುವುದಾದರೆ ಅಂಚಿನ ಕುರ್ಚಿ ಹಿಡಿದು, ಒಂದು ಗಂಟೆ ಕೇಳಿಸಿ, ಎರಡು ಕೃತಿಗಳ ನಡುವೆ ಎದ್ದು ಬನ್ನಿ. ಮಿಕ್ಕವರು ಕಚೇರಿಯನ್ನು ಮುಗಿಸುವ ಹಾಡಾದ ಮಂಗಳದವರೆಗೂ ಇರುವಂತೆ ಕೊನೆಯ ರೈಲಿನ ವೇಳೆಯನ್ನು ಮೊದಲೇ ನೋಡಿಟ್ಟುಕೊಳ್ಳಬೇಕು. ಸೌರಾಷ್ಟ್ರ ರಾಗದ ಮಂಗಳ ಮುಗಿದ ಮೇಲೆ, ಗುರುತು ಸಿಗದ ರಾಗವೇನಾದರೂ ಇದ್ದರೆ ಪಕ್ಕದಲ್ಲಿ ಕುಳಿತ ಹಿರಿಯರನ್ನು ಕೇಳಿ. ಆ ಪ್ರಶ್ನೆಗಾಗಿಯೇ ಕಾದಿದ್ದವರಂತೆ ಅವರು ಸಂತೋಷದಿಂದ ಹೇಳುತ್ತಾರೆ. ಕೆಲವೊಮ್ಮೆ ಎರಡು ಸಾಲು ಹಾಡಿಯೂ ತೋರಿಸುತ್ತಾರೆ. ಅದನ್ನು ತಾರೀಕು ಹಾಕಿ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಮುಂದಿನ ಚೈತ್ರಕ್ಕೆ ಬೇಕಾಗುತ್ತದೆ.