ಗುಳಿಗೆ ಕೇಳಲು ಹೋಗಿ ವಂಕಿ ಹಾಕಿಸಿಕೊಂಡೆ
ಮಗುವಿಗೆ ಎದೆಹಾಲು ಉಣಿಸುವಷ್ಟು ಕಾಲ ಗರ್ಭ ನಿಲ್ಲುವುದಿಲ್ಲ ಎಂಬ ಮಾತನ್ನು ನಾನೂ ನಂಬಿದ್ದೆ. ಆ ರಕ್ಷಣೆ ಇರುವುದು ಹೆರಿಗೆಯ ನಂತರದ 6 ತಿಂಗಳು ಮಾತ್ರ, ಅದೂ ಹಗಲಿರುಳು ಎದೆಹಾಲನ್ನಷ್ಟೇ ಕೊಡುತ್ತಿದ್ದು ಮುಟ್ಟು ಮರಳದಿದ್ದರೆ ಎಂದು ತಿಳಿಯುವ ಹೊತ್ತಿಗೆ ಮಗುವಿಗೆ 8 ತಿಂಗಳಾಗಿ ನನಗೆ ಮುಟ್ಟೂ ಶುರುವಾಗಿತ್ತು. ಮುಂದಿನ ಮಗುವಿಗೆ ಮೂರು ವರ್ಷವಾದರೂ ಅಂತರವಿರಲಿ ಎಂದು ನಾವಿಬ್ಬರೂ ನಿಶ್ಚಯಿಸಿದ್ದರಿಂದ ಸಂತಾನಹರಣ ಶಸ್ತ್ರಚಿಕಿತ್ಸೆಯ ಮಾತೇ ಬರಲಿಲ್ಲ.

ನಾನು ವೈದ್ಯೆಯ ಬಳಿ ಹೋದದ್ದು ಗರ್ಭನಿರೋಧಕ ಗುಳಿಗೆ ಬರೆಸಿಕೊಂಡು ಬರಲು. ಅಕ್ಕನಿಗೆ ಅದು ಒಗ್ಗಿತ್ತು ಎಂಬುದಷ್ಟೇ ಕಾರಣ. ಅವರು ರಕ್ತದೊತ್ತಡ ನೋಡಿ, ಧೂಮಪಾನದ ಅಭ್ಯಾಸವನ್ನೂ ರಕ್ತ ಹೆಪ್ಪುಗಟ್ಟಿದ್ದುಂಟೇ ಎಂಬುದನ್ನೂ ವಿಚಾರಿಸಿ, ಕೊನೆಗೆ "ತಲೆನೋವು ಬರುವ ಮುಂಚೆ ಕಣ್ಣಿಗೆ ಏನಾದರೂ ಕಾಣುತ್ತದೆಯೇ?" ಎಂದು ಕೇಳಿದರು. ಕಾಣುತ್ತಿತ್ತು. ಓದುತ್ತಿರುವ ಸಾಲಿನ ನಡುವೆ ಒಂದೆರಡು ಅಕ್ಷರ ಮಾಯವಾಗಿ, ಅಲ್ಲಿಂದ ಗರಗಸದ ಹಲ್ಲಿನಂಥ ಮಿನುಗುವ ಗೆರೆಯೊಂದು ಅಂಚಿನತ್ತ ಹರಡುತ್ತ ಹೋಗಿ, ಸುಮಾರು 20 ನಿಮಿಷಗಳ ನಂತರ ಅರ್ಧ ತಲೆ ಸಿಡಿಯತೊಡಗುತ್ತಿತ್ತು. ಕಣ್ಣಿನ ಆಯಾಸವೆಂದುಕೊಂಡು ಅದನ್ನು ಯಾರಿಗೂ ಹೇಳಿರಲಿಲ್ಲ. ಇಂಥ ಮೈಗ್ರೇನ್ ಇರುವವರಿಗೆ ಈಸ್ಟ್ರೋಜೆನ್ ಎಂಬ ಹಾರ್ಮೋನು ಬೆರೆತ ಗುಳಿಗೆಯಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುವುದರಿಂದ ಅದು ನನಗೆ ಸಲ್ಲದು ಎಂದರು.

ಈಸ್ಟ್ರೋಜೆನ್ ಇಲ್ಲದ ಗುಳಿಗೆಯೂ ಇದೆ, ಆದರೆ ಅದನ್ನು ದಿನವೂ ಅದೇ ಹೊತ್ತಿಗೆ ನುಂಗಬೇಕು. ಹೆರಿಗೆಯ ನಂತರ ಕೊಟ್ಟ ಕಬ್ಬಿಣದ ಮಾತ್ರೆಗಳೇ ಅರ್ಧಕ್ಕರ್ಧ ಹಾಗೇ ಉಳಿದಿದ್ದ ನನಗೆ ಆ ಶಿಸ್ತಿನ ಭರವಸೆ ಇರಲಿಲ್ಲ. ಮೂರು ತಿಂಗಳಿಗೊಮ್ಮೆ ಪಡೆಯುವ ಚುಚ್ಚುಮದ್ದನ್ನು ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಎಷ್ಟೋ ತಿಂಗಳು ತಡವಾಗಬಹುದೆಂದು ಅದನ್ನೂ ಬಿಟ್ಟೆವು. ಸೋಂಕುಗಳಿಂದಲೂ ಕಾಪಾಡುವುದು ಕಾಂಡೋಮ್ ಒಂದೇ ಆದರೂ, ಸಾಮಾನ್ಯ ಬಳಕೆಯಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು 13 ಮಹಿಳೆಯರು ಗರ್ಭಿಣಿಯರಾಗುತ್ತಾರೆ ಎಂದು ತಿಳಿದಾಗ ಅದೊಂದನ್ನೇ ನೆಚ್ಚಿಕೊಳ್ಳಲು ಮನಸ್ಸಾಗಲಿಲ್ಲ.

ಉಳಿದದ್ದು ಗರ್ಭಕೋಶದೊಳಗೆ ಇಡುವ ತಾಮ್ರದ ವಂಕಿ, ಅಂದರೆ ಕಾಪರ್-ಟಿ. ಅದರಲ್ಲಿ ಹಾರ್ಮೋನು ಇಲ್ಲ. 380ಎ ಎಂಬ ಬಗೆಯದು 10 ವರ್ಷ ಕೆಲಸ ಮಾಡುತ್ತದೆ, ತೆಗೆಸಿದರೆ ಬೇಗನೆ ಗರ್ಭ ಧರಿಸಬಹುದು. ಗರ್ಭವಿಲ್ಲವೆಂದೂ ಸೋಂಕಿಲ್ಲವೆಂದೂ ಖಚಿತಪಡಿಸಿಕೊಂಡ ಮೇಲೆ ಹಾಕಿದರು. ಗರ್ಭಕೋಶದ ಬಾಯನ್ನು ಹಿಡಿದಾಗ ಚಿವುಟಿದಂತೆ ಒಂದು ನೋವು, ಆಮೇಲೆ ಮುಟ್ಟಿನ ಮೊದಲ ದಿನದ್ದಕ್ಕಿಂತ ಜೋರಾದ ಸೆಳೆತ. ಐದು ನಿಮಿಷದೊಳಗೆ ಎಲ್ಲವೂ ಮುಗಿಯಿತು.

ನೋವಿಗಿಂತ ನನ್ನನ್ನು ಕಾಡಿದ್ದು ಮೊದಲ ಮೂರು ಮುಟ್ಟುಗಳು. ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸುವಷ್ಟು ರಕ್ತ ಹೋಗುತ್ತಿತ್ತು, ಹಿಮೋಗ್ಲೋಬಿನ್ 10.2ಕ್ಕೆ ಇಳಿಯಿತು, ಉಳಿಸಿಕೊಂಡಿದ್ದ ಕಬ್ಬಿಣದ ಮಾತ್ರೆಗಳು ಆಗ ಖಾಲಿಯಾದವು. ನಾಲ್ಕನೆಯ ತಿಂಗಳಿಂದ ಸ್ರಾವ ತಗ್ಗತೊಡಗಿತು. ಪ್ರತಿ ಮುಟ್ಟು ನಿಂತ ಮೇಲೆ ವಂಕಿಯ ತುದಿಯಿಂದ ಇಳಿಬಿದ್ದಿರುವ ದಾರವನ್ನು ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಒಮ್ಮೆ ಅದು ಸಿಗಲೇ ಇಲ್ಲ. ಪರೀಕ್ಷೆಯಾಗುವವರೆಗೆ ಕಾಂಡೋಮ್ ಬಳಸಿ, ಸ್ಕ್ಯಾನ್ ಮಾಡಿಸಿದಾಗ ವಂಕಿ ತನ್ನ ಜಾಗದಲ್ಲೇ ಇತ್ತು, ದಾರ ಮಾತ್ರ ಒಳಕ್ಕೆ ಸುರುಳಿ ಸುತ್ತಿಕೊಂಡಿತ್ತು.