ಹೈಸ್ಕೂಲು ಮಕ್ಕಳನ್ನು ಅಂಗಡಿಗೆ ಕಲಿಯಲು ಕಳಿಸುವಾಗ: ಹತ್ತು ದಿನದ ಇಂಟರ್ನ್‌ಶಿಪ್ ನಡೆಸುವ ಬಗೆ

ಕರ್ನಾಟಕದ ಹಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ 9 ಮತ್ತು 10ನೇ ತರಗತಿಯವರು ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿಯಲ್ಲಿ ತೃತೀಯ ಭಾಷೆಯ ಬದಲಿಗೆ ರಿಟೇಲ್ (ಚಿಲ್ಲರೆ ವ್ಯಾಪಾರ), ಆಟೊಮೊಬೈಲ್, ಐಟಿ, ಬ್ಯೂಟಿ ಆಂಡ್ ವೆಲ್‌ನೆಸ್‌ನಂಥ ವೃತ್ತಿ ವಿಷಯ ಓದುತ್ತಾರೆ. ಇವರಲ್ಲಿ ರಿಟೇಲ್ ಮಕ್ಕಳನ್ನು ಊರಿನ ಅಂಗಡಿಗೆ ಕಳಿಸಲು ಹೊರಟ ತರಬೇತುದಾರರಿಗೆ, ಮುಖ್ಯ ಶಿಕ್ಷಕರಿಗೆ ಈ ಬರಹ.

ಅಂಗಡಿಯಲ್ಲಿ ನಿಂತ ಮಾತ್ರಕ್ಕೆ ಕೆಲಸ ಬರುವುದಿಲ್ಲ. ಯಾವ ದಿನ ಯಾವ ಕೆಲಸ, ಹೇಳಿಕೊಡುವವರು ಯಾರು ಎಂಬುದು ಮೊದಲೇ ತೀರ್ಮಾನವಾಗದಿದ್ದರೆ ಹತ್ತು ದಿನವೂ ಕಸ ಗುಡಿಸುವುದರಲ್ಲಿ, ಟೀ ತರುವುದರಲ್ಲಿ, ಮೂಟೆ ಎತ್ತುವುದರಲ್ಲಿ ಮುಗಿದುಹೋಗುತ್ತವೆ. ಇದರಲ್ಲಿ ಮಾಲೀಕರ ತಪ್ಪಿಗಿಂತ ನಮ್ಮ ತಪ್ಪೇ ಹೆಚ್ಚು. ಮಕ್ಕಳಿಗೆ ಏನು ಕಲಿಸಬೇಕೆಂದು ಅವರಿಗೆ ಶಾಲೆಯವರು ಹೇಳಿಯೇ ಇರುವುದಿಲ್ಲ.

ವಯಸ್ಸು, ವೇಳೆ, ಅಂಗಡಿ

ಮೊದಲು ದಾಖಲಾತಿ ಪುಸ್ತಕ ತೆಗೆದು ಹುಟ್ಟಿದ ದಿನಾಂಕ ನೋಡಿ. 9ನೇ ತರಗತಿಯಲ್ಲಿ 14 ತುಂಬದವರೂ ಇರುತ್ತಾರೆ. ಅವರನ್ನು ಶಿಕ್ಷಕರ ಜೊತೆ ಅಂಗಡಿ ನೋಡಲು ಮಾತ್ರ ಕರೆದೊಯ್ಯಿರಿ, ಕೆಲಸಕ್ಕೆ ಹಚ್ಚಬೇಡಿ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ 14ರಿಂದ 18 ವರ್ಷದವರನ್ನು ಒಂದೇ ಸಮನೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಕೊಡುವಂತಿಲ್ಲ, ವಾರಕ್ಕೊಂದು ರಜೆ ಕೊಡಲೇಬೇಕು. ನಮ್ಮದು ಕಲಿಕೆ, ದುಡಿಮೆಯಲ್ಲ. ಆದರೂ ಈ ಬೇಲಿಯೊಳಗೇ ಇರುವುದು ಕ್ಷೇಮ. ಬೆಳಿಗ್ಗೆ 10ರಿಂದ 1ರವರೆಗೆ ಎಂದು ಇಟ್ಟುಕೊಂಡರೆ ಎಲ್ಲವೂ ಸರಿಹೋಗುತ್ತದೆ.

ಗೌರಿ-ಗಣೇಶ, ಆಯುಧಪೂಜೆ, ದೀಪಾವಳಿಯ ಹಿಂದಿನ ವಾರ ಕಳಿಸಲೇಬೇಡಿ. ಆಗ ಮಾಲೀಕರಿಗೆ ಕೈ ಬೇಕು, ಕಲಿಸಲು ಪುರುಸೊತ್ತಿರುವುದಿಲ್ಲ. ಸಂತೆಯ ದಿನ ಮಾತ್ರ ಕೊನೆಯ ಮೂರು ದಿನದೊಳಗೆ ಒಮ್ಮೆ ಬರುವಂತೆ ನೋಡಿಕೊಳ್ಳಿ. ಅಷ್ಟರಲ್ಲಿ ಮಕ್ಕಳಿಗೆ ಅಂಗಡಿಯ ಅಂದಾಜು ಸಿಕ್ಕಿರುತ್ತದೆ, ಗಿರಾಕಿಗಳ ನೂಕುನುಗ್ಗಲಿನಿಂದಲೂ ಕಲಿಯುತ್ತಾರೆ.

ಮೂರ್ನಾಲ್ಕು ಜನ ಕೆಲಸದವರಿದ್ದು, ಬಾರ್‌ಕೋಡ್ ಬಿಲ್ಲಿಂಗ್ ಇರುವ ಮಧ್ಯಮ ಗಾತ್ರದ ದಿನಸಿ ಅಂಗಡಿ ಎಲ್ಲಕ್ಕಿಂತ ಒಳ್ಳೆಯದು. ಒಬ್ಬರೇ ನಡೆಸುವ ಅಂಗಡಿಯಲ್ಲಿ ಕಲಿಸುವವರಿಲ್ಲ. ದೊಡ್ಡ ಮಳಿಗೆಯಲ್ಲಿ ಮಗು ಹತ್ತು ದಿನವೂ ಒಂದೇ ಸಾಲಿನ ಮುಂದೆ ನಿಂತಿರುತ್ತದೆ. ಬೀಡಿ, ಸಿಗರೇಟು, ಗುಟ್ಕಾ, ಪಟಾಕಿ ಮಾರುವ ಅಂಗಡಿ ಬೇಡವೇ ಬೇಡ. ಅಂಗಡಿಗೆ ಇಬ್ಬರಂತೆ ಕಳಿಸಿ. ಹುಡುಗಿಯರನ್ನು ಕಳಿಸುವ ಕಡೆ ಹೆಣ್ಣುಮಕ್ಕಳು ಕೆಲಸಕ್ಕಿರಬೇಕು, ಶೌಚಾಲಯ ಇರಬೇಕು. ಇದನ್ನು ಫೋನಿನಲ್ಲಿ ಕೇಳದೆ ಹೋಗಿ ಕಣ್ಣಾರೆ ನೋಡಿ.

ಮಾಲೀಕರಿಗೆ ಒಂದೇ ಹಾಳೆಯ ಒಪ್ಪಂದ ಸಾಕು: ವೇಳೆ, ಕಲಿಸುವವರ ಹೆಸರು, ದಿನವಾರು ಕೆಲಸ, ಮಾಡಿಸಬಾರದ ಕೆಲಸ. ಅದರಲ್ಲಿ ಒಂದು ಸಾಲು ತಪ್ಪದೆ ಇರಲಿ: ಹಣದ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಅದಕ್ಕೆ ವಿದ್ಯಾರ್ಥಿ ಹೊಣೆಯಲ್ಲ. ಈ ಸಾಲಿಲ್ಲದೆ ಗಲ್ಲಾದ ಹತ್ತಿರ ಬಿಟ್ಟರೆ, ಐವತ್ತು ರೂಪಾಯಿ ಕಡಿಮೆ ಬಿದ್ದ ದಿನ ಎಲ್ಲರ ಕಣ್ಣು ಮಗುವಿನ ಮೇಲೇ ಬೀಳುತ್ತದೆ. ಪೋಷಕರ ಒಪ್ಪಿಗೆ ಪತ್ರದಲ್ಲಿ ಅಂಗಡಿಯ ವಿಳಾಸ, ಹೋಗಿಬರುವ ದಾರಿ, ಶಿಕ್ಷಕರ ಫೋನ್ ನಂಬರ್ ಬರೆಯಿರಿ.

ಎರಡು ವಾರ ಮೊದಲು, ತರಗತಿಯಲ್ಲೇ ಅಂಗಡಿ

ಖಾಲಿ ಸೋಪಿನ ಪೊಟ್ಟಣ, ಬಿಸ್ಕತ್ತಿನ ಕವರು, ಆಟದ ನೋಟು, ಬಿಲ್ ಪುಸ್ತಕ, ಒಂದು ಎಲೆಕ್ಟ್ರಾನಿಕ್ ತಕ್ಕಡಿ. ಇಷ್ಟಿದ್ದರೆ ಎರಡು ಬೆಂಚು ಜೋಡಿಸಿ ಅಂಗಡಿ ಮಾಡಬಹುದು. ಒಬ್ಬರು ಗಿರಾಕಿ, ಒಬ್ಬರು ಅಂಗಡಿಯವರು. "ಏನು ಬೇಕಿತ್ತು ಅಕ್ಕಾ?" ಎಂದು ಮುಖ ನೋಡಿ ಕೇಳುವುದೇ ಬಹಳ ಮಕ್ಕಳಿಗೆ ಕಷ್ಟ. ತಲೆ ತಗ್ಗಿಸಿ ಗುನುಗುತ್ತಾರೆ. ಈ ಒಂದು ಮಾತಿಗೇ ಎರಡು ಪಿರಿಯಡ್ ಹೋದರೂ ಹೋಗಲಿ. ಸೇವಾ ವಲಯದ ಯಾವ ಕೆಲಸಕ್ಕೆ ಹೋದರೂ ಬೇಕಾಗುವುದು ಇದೇ.

ಚಿಲ್ಲರೆ ಕೊಡುವುದನ್ನು ಕಳೆದು ಕಲಿಸಬೇಡಿ, ಕೂಡಿಸುತ್ತ ಕಲಿಸಿ. ಬಿಲ್ 372 ರೂಪಾಯಿ, ಗಿರಾಕಿ ಕೊಟ್ಟಿದ್ದು 500. "ಐನೂರು ಕೊಟ್ಟಿದ್ದೀರಿ" ಎಂದು ಗಟ್ಟಿಯಾಗಿ ಹೇಳಿ ನೋಟನ್ನು ಗಲ್ಲಾದ ಮೇಲೆ, ಇಬ್ಬರಿಗೂ ಕಾಣುವಂತೆ ಇಡಬೇಕು. ಆಮೇಲೆ 3 ಕೊಟ್ಟು 375, 5 ಕೊಟ್ಟು 380, 20 ಕೊಟ್ಟು 400, 100 ಕೊಟ್ಟು 500 ಎಂದು ಗಿರಾಕಿಯ ಕೈಗೇ ಎಣಿಸಬೇಕು. ನೋಟು ಒಳಗೆ ಹೋಗುವುದು ಕೊನೆಗೆ. ಮೊದಲೇ ಒಳಗೆ ಹಾಕಿಬಿಟ್ಟರೆ, ಕೊಟ್ಟಿದ್ದು ಇನ್ನೂರೋ ಐನೂರೋ ಎಂಬ ಜಗಳ ಬಗೆಹರಿಯುವುದಿಲ್ಲ.

ಯುಪಿಐ ಆದರೆ ಗಿರಾಕಿಯ ಫೋನಿನ ಪರದೆಯನ್ನು ನಂಬುವಂತಿಲ್ಲ. ಅಂಗಡಿಯ ಸೌಂಡ್‌ಬಾಕ್ಸ್ ಮೊತ್ತ ಹೇಳಬೇಕು, ಇಲ್ಲವೇ ಮಾಲೀಕರ ಫೋನಿಗೆ ಸಂದೇಶ ಬರಬೇಕು. ಎರಡೂ ಆಗದಿದ್ದರೆ ವಾದ ಮಾಡದೆ ಮಾಲೀಕರನ್ನು ಕರೆಯಲಿ. ತೂಕಕ್ಕೆ ಮೊದಲು ಖಾಲಿ ಪಾತ್ರೆ ಇಟ್ಟು, ಪಾತ್ರೆಯ ತೂಕ ಕಳೆಯುವ ಟೇರ್ ಗುಂಡಿ ಒತ್ತಿ, ಸೊನ್ನೆ ಬಂದದ್ದನ್ನು ಗಿರಾಕಿಗೆ ತೋರಿಸಿ, ನಂತರ ಸಕ್ಕರೆ ಸುರಿಯಬೇಕು.

ಅಂಗಡಿಯಲ್ಲಿ ಹತ್ತು ದಿನ

ಮೊದಲ ಎರಡು ದಿನ ನೋಡುವುದು, ಯಾವ ಸಾಮಾನು ಎಲ್ಲಿದೆಯೆಂದು ನಕ್ಷೆ ಬರೆಯುವುದು. 3 ಮತ್ತು 4ನೇ ದಿನ ಬಂದ ಮಾಲನ್ನು ಸರಕುಪಟ್ಟಿಗೆ ತಾಳೆ ನೋಡುವುದು. 5 ಮತ್ತು 6ನೇ ದಿನ ಶೆಲ್ಫ್ ಜೋಡಿಸುವುದು. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ಹೊಸ ಮಾಲನ್ನು ಮುಂದೆ ಇಡುವುದು ಸಲೀಸು, ಹಾಗಾಗಿ ಹಳೆಯದು ಹಿಂದೆ ಉಳಿದು ಅವಧಿ ಮೀರುತ್ತದೆ. ಹಳೆಯದನ್ನೆಲ್ಲ ಹೊರಗೆ ತೆಗೆದು, ಒರೆಸಿ, ಹೊಸದನ್ನು ಹಿಂದಿಟ್ಟು, ಬೇಗ ಅವಧಿ ಮುಗಿಯುವುದನ್ನು ಮುಂದಿಡಬೇಕು. ತಯಾರಿಸಿದ ದಿನಾಂಕವನ್ನೇ ಅವಧಿ ಮುಗಿಯುವ ದಿನಾಂಕ ಎಂದು ಓದಿಕೊಳ್ಳುವ ಮಕ್ಕಳೂ ಇದ್ದಾರೆ. ಹತ್ತು ಪೊಟ್ಟಣ ಕೊಟ್ಟು ಓದಿಸಿ ನೋಡಿ.

7ರಿಂದ 9ನೇ ದಿನ ಗಿರಾಕಿಗಳ ಜೊತೆ, ಬಿಲ್ಲಿಂಗ್ ಮಾಡುವವರ ಪಕ್ಕದಲ್ಲಿ. ಗಲ್ಲಾದಲ್ಲಿ ಒಂಟಿಯಾಗಿ ಬಿಡಬಾರದು. 10ನೇ ದಿನ ಮಾಲೀಕರು ಎದುರು ಕೂರಿಸಿಕೊಂಡು, ಏನು ಸರಿ, ಏನು ಸುಧಾರಿಸಬೇಕು ಎಂದು ಹೇಳಲಿ.

ದಿನಚರಿ ಉದ್ದ ಬೇಡ. ಇಂದು ಮಾಡಿದ ಕೆಲಸ, ಗಿರಾಕಿ ಕೇಳಿದ್ದಕ್ಕೆ ಉತ್ತರ ಬಾರದ ಒಂದು ಪ್ರಶ್ನೆ, ಒಂದು ಸಾಮಾನಿನ ಲೆಕ್ಕ, ಅಷ್ಟೇ. ಉದಾಹರಣೆಗೆ ಸೋಪು: ಬೆಳಿಗ್ಗೆ 48 ಇತ್ತು, 24 ಬಂತು, 19 ಮಾರಾಟವಾಯಿತು, 53 ಉಳಿಯಬೇಕು. ಎಣಿಸಿದರೆ 52. ಆ ಒಂದು ಎಲ್ಲಿ ಹೋಯಿತು? ಒಡೆದದ್ದನ್ನು ಬದಿಗಿಟ್ಟಿದ್ದರೇ, ಬೇರೆ ಗಾತ್ರದ ಸೋಪಿನ ಹೆಸರಲ್ಲಿ ಬಿಲ್ ಆಯಿತೇ, ಬೆಳಿಗ್ಗೆ ಎಣಿಸಿದ್ದೇ ತಪ್ಪೇ? ಇದನ್ನು ಹುಡುಕುವ ಮಗುವಿಗೆ ದಾಸ್ತಾನು ಪಾಠ ಪುಸ್ತಕದಿಂದ ಹೇಳಿಕೊಡಬೇಕಾಗಿಲ್ಲ.

ಶಿಕ್ಷಕರು 2, 5 ಮತ್ತು 9ನೇ ದಿನ ಹೇಳದೆ ಹೋಗಬೇಕು. ಮಗುವನ್ನು ಅಂಗಡಿಯ ಹೊರಗೆ ಕರೆದು ಮಾತಾಡಿಸಿ. ಮಾಲೀಕರ ಎದುರು "ಎಲ್ಲಾ ಚೆನ್ನಾಗಿದೆ ಸರ್" ಎಂದೇ ಹೇಳುತ್ತಾರೆ. ಬೈಗುಳ, ಭಾರ ಹೊರಿಸುವುದು, ಮೈಮುಟ್ಟುವುದು ಇವುಗಳ ಸುಳಿವು ಸಿಕ್ಕರೆ ಅದೇ ಕ್ಷಣ ವಾಪಸ್ ಕರೆತನ್ನಿ. ಲೈಂಗಿಕ ಕಿರುಕುಳವಾದರೆ ಪೊಲೀಸರಿಗೆ ತಿಳಿಸುವುದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಕಡ್ಡಾಯ, ಶಾಲೆಯೊಳಗೆ ರಾಜಿ ಮಾಡಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಪ್ರತಿ ಮಗುವಿಗೂ ಬಾಯಿಪಾಠವಾಗಿರಲಿ.

ಮರಳಿದ ಮೇಲೆ

ವಾರದೊಳಗೆ ತರಗತಿಯ ಅಂಗಡಿಯನ್ನು ಮತ್ತೆ ಕಟ್ಟಿ. ಈ ಸಲ ಗಿರಾಕಿಯಾಗಿ ನೀವೇ ನಿಂತು, ಅವಧಿ ಮೀರಿದ ಹಾಲಿನ ಪುಡಿ ಹಿಡಿದು ಸಿಟ್ಟಿನಿಂದ ಮಾತಾಡಿ. ಮಗು ಮೊದಲು ಪೂರ್ತಿ ಕೇಳಿಸಿಕೊಂಡು, ಕ್ಷಮೆ ಕೇಳಿ, ಬಿಲ್ ನೋಡಿ, ಬದಲಿಸಿಕೊಡುವ ಅಧಿಕಾರ ಇರುವವರನ್ನು ಕರೆಯುತ್ತದೆಯೇ ಎಂದು ಗಮನಿಸಿ ಅಂಕ ಕೊಡಿ. ದಿನಚರಿಗಳಲ್ಲಿ ಉತ್ತರ ಬಾರದೆ ಉಳಿದ ಪ್ರಶ್ನೆಗಳನ್ನೆಲ್ಲ ಒಂದೆಡೆ ಬರೆದು ಮುಂದಿನ ತಿಂಗಳ ಪಾಠಗಳನ್ನು ಅವುಗಳಿಂದಲೇ ಆರಂಭಿಸಿ. ಮಾಲೀಕರಿಗೆ ಮಕ್ಕಳ ಕೈಯಲ್ಲೇ ಬರೆಸಿದ ಧನ್ಯವಾದ ಪತ್ರ ತಲುಪಿಸಿ, ಒಪ್ಪಂದದ ಹಾಳೆಯಲ್ಲಿ ಮುಂದಿನ ವರ್ಷಕ್ಕೆ ಏನು ಬದಲಿಸಬೇಕೆಂದು ಅಲ್ಲೇ ಕೇಳಿ ಗುರುತು ಹಾಕಿಕೊಂಡು ಬನ್ನಿ.