ಬೆಳ್ಳಗಿರುವುದೆಲ್ಲ ಬೆಣಚಲ್ಲ

ಇಳಕಲ್‌ನ ಕೆಂಪು ಗ್ರಾನೈಟಿನ ಚೂರು ಕೈಗೆ ಕೊಟ್ಟರೆ ಹೆಚ್ಚಿನವರು ಅದರಲ್ಲಿರುವ ಖನಿಜಗಳ ಹೆಸರನ್ನು ಒಂದೇ ಉಸಿರಿಗೆ ಹೇಳುತ್ತಾರೆ: ಕೆಂಪು ಫೆಲ್ಡ್‌ಸ್ಪಾರ್, ಬಿಳಿ ಬೆಣಚು (ಕ್ವಾರ್ಟ್ಸ್), ಕರಿ ಅಭ್ರಕ. ಬಣ್ಣ ನೋಡಿ ಹೆಸರಿಟ್ಟರೆ ಎಡವುವುದು ಇಲ್ಲೇ. ಆ ಬಿಳಿ ಕಾಳು ಸಾಮಾನ್ಯವಾಗಿ ಇನ್ನೊಂದು ಬಗೆಯ ಫೆಲ್ಡ್‌ಸ್ಪಾರ್, ಪ್ಲೇಜಿಯೊಕ್ಲೇಸ್. ಬೆಣಚು ಅದರ ಪಕ್ಕದಲ್ಲೇ ಬೂದು ಬಣ್ಣದಲ್ಲಿ ಸುಮ್ನೆ ಕೂತಿರುತ್ತದೆ.

ಮೊದಲು ಹೊಸದಾಗಿ ಒಡೆದ ಚೂರು ಬೇಕು. ಪಾಲಿಶ್ ಮಾಡಿದ್ದು ಬೇಡವೇ ಬೇಡ, ಅದರಲ್ಲಿ ಎಲ್ಲ ಕಾಳೂ ಒಂದೇ ಥರ ಹೊಳೆಯುತ್ತದೆ. ತೊಳೆದು ಒಣಗಿಸಿ. 10 ಪಟ್ಟಿನ ಮಸೂರ ಸಾಕು. 60 ಪಟ್ಟು ಅಂತ ಬರೆದ ಅಗ್ಗದ ಮಸೂರಕ್ಕೆ ದುಡ್ಡು ಹಾಕಬೇಡಿ, ಮಬ್ಬು ಬಿಟ್ಟು ಏನೂ ಕಾಣುವುದಿಲ್ಲ. ಫೋಟೊ ನೋಡಿ ಹೆಸರು ಹೇಳುವ ಆ್ಯಪ್ ಕೂಡ ಬೇಡ. ಮುಂದಿನ ಕೆಲಸಕ್ಕೆ ಕಲ್ಲನ್ನು ತಿರುಗಿಸಬೇಕು.

ಈಗ ಬಿಸಿಲಿಗೆ ಬನ್ನಿ. ಒಂದೇ ಒಂದು ಕಾಳಿನ ಮೇಲೆ ಕಣ್ಣಿಡಿ. ಚೂರನ್ನು ನಿಧಾನ ವಾಲಿಸಿ. ತುಂಬ ನಿಧಾನ. ಫೆಲ್ಡ್‌ಸ್ಪಾರ್ ಆದರೆ ಒಂದು ಕೋನದಲ್ಲಿ ಇಡೀ ಕಾಳು ಕಿಟಕಿ ಗಾಜಿನ ಹಾಗೆ ಫಳಕ್ ಅನ್ನುತ್ತದೆ, ಕೂದಲೆಳೆ ಸರಿದರೆ ಆರಿಹೋಗುತ್ತದೆ. ಅದು ಚಪ್ಪಟೆಯಾಗಿ ಸೀಳುವ ಖನಿಜ. ಬೆಣಚಿಗೆ ಸೀಳಿಲ್ಲ, ಒಡೆದ ಬಾಟಲಿಯಂತೆ ಬಾಗಿ ಒಡೆಯುತ್ತದೆ. ಹಾಗಾಗಿ ಎಷ್ಟು ತಿರುಗಿಸಿದರೂ ಅಲ್ಲೊಂದು ಇಲ್ಲೊಂದು ಚುಕ್ಕಿ ಮಿನುಗುತ್ತದೆ ಅಷ್ಟೇ, ಎಣ್ಣೆ ಸವರಿದ ಹಾಗೆ. ಅವಸರದಲ್ಲಿ ಕಣ್ಣು ಪಕ್ಕದ ಕಾಳಿಗೆ ಜಾರುತ್ತದೆ. ಜಾಸ್ತಿ ಜನ ಸೋಲುವುದು ಇದರಲ್ಲೇ. ಪೆನ್ನಿನಲ್ಲಿ ಪಕ್ಕಕ್ಕೊಂದು ಗುರುತು ಹಾಕಿಕೊಳ್ಳಿ, ಹತ್ತು ಕಾಳು ನೋಡುವ ತನಕ ಹೆಸರು ಹೇಳಬೇಡಿ.

ಫಳಕ್ ಅಂದ ಮೈಮೇಲೆ ಮಸೂರ ಹಿಡಿಯಿರಿ. ಸ್ಕೇಲಿಟ್ಟು ಎಳೆದಂಥ ಸಣ್ಣ ನೇರ ಗೆರೆಗಳಿದ್ದರೆ ಪ್ಲೇಜಿಯೊಕ್ಲೇಸ್. ಗೆರೆ ಕಾಣದಿದ್ದರೆ ಇನ್ನೊಂದು ಮುಖ ನೋಡಿ, ಎಲ್ಲ ಮುಖದಲ್ಲೂ ಅದು ಕಾಣುವುದಿಲ್ಲ. ಕೆಂಪು ಕಾಳಿನೊಳಗೆ ಡೊಂಕುಡೊಂಕಾದ ಬಿಳಿ ಎಳೆ ಕಂಡರೆ ಅದು ಕೆಂಪು ಬಗೆಯದು, ಅಂದರೆ ಪೊಟ್ಯಾಷ್ ಫೆಲ್ಡ್‌ಸ್ಪಾರ್, ಮೋಸ ಹೋಗಬೇಡಿ.

ಗ್ರಾನೈಟಿನಲ್ಲಿ ಗೀರಿ ನೋಡಲು ಚಾಕು ನೆಚ್ಚಬೇಡಿ. 1ರಿಂದ 10ರ ಮೋಸ್ ಅಳತೆಯಲ್ಲಿ ಬೆಣಚಿನ ಗಡಸು 7, ಫೆಲ್ಡ್‌ಸ್ಪಾರ್‌ದು 6, ಚಾಕುವಿನದು ಸುಮಾರು 5.5. ಎರಡಕ್ಕೂ ಗೀರು ಬೀಳುವುದಿಲ್ಲ. ಕರಿ ಕಾಳು ಸುಲಭ: ಪಿನ್ನಿಗೆ ಪದರ ಎದ್ದರೆ ಅಭ್ರಕ, ಏಳದಿದ್ದರೆ ಹಾರ್ನ್‌ಬ್ಲೆಂಡ್ ಎಂಬ ಇನ್ನೊಂದು ಕರಿ ಖನಿಜ ಇರಬಹುದು.

ವಿಜಯಪುರದ ಕಡೆಯವರಿಗೆ ಲೆಕ್ಕ ಬೇರೆ. ಅಲ್ಲಿನದು ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ, ಕಪ್ಪು ಬಸಾಲ್ಟ್. ಕಾಳು ಕಣ್ಣಿಗೆ ಹತ್ತುವುದಿಲ್ಲ, ಗುಳಿಗಳಲ್ಲಿ ತುಂಬಿದ ಬಿಳಿಯನ್ನು ನೋಡಬೇಕು. ಇಲ್ಲಿ ಚಾಕು ಕೆಲಸಕ್ಕೆ ಬರುತ್ತದೆ. ಗೀರು ಬೀಳದಿದ್ದರೆ ಬೆಣಚು. ಬಿದ್ದರೆ ಆ ಪುಡಿಗೆ ಒಂದು ಹನಿ ವಿನೆಗರ್ ಹಾಕಿ. ಗುಳ್ಳೆ ಎದ್ದರೆ ಕ್ಯಾಲ್ಸೈಟ್ (ಸುಣ್ಣದ ಖನಿಜ), ಏಳದಿದ್ದರೆ ಜಿಯೊಲೈಟ್ ಎಂಬ ಇನ್ನೊಂದು ಖನಿಜ ಇರಬಹುದು. ಬಚ್ಚಲು ತೊಳೆಯುವ ಆ್ಯಸಿಡ್ ಮುಟ್ಟಲೇಬೇಡಿ. ವಿನೆಗರ್‌ಗೆ ಗುಳ್ಳೆ ಏಳುವುದು ತಡ, ಮಸೂರ ಹಿಡಿದು ಒಂದು ನಿಮಿಷ ಕಾಯಿರಿ.